ಅದೇ ಟೆಸ್ಟೊಸ್ಟೆರಾನ್ ಇಂಜೆಕ್ಷನ್, ಬೇರೆ ಬೇರೆ ಫಲಿತಾಂಶ: ಒಂದು ಪ್ರಕರಣ ಅಧ್ಯಯನ

ಗಂಡಸರ ಹಾರ್ಮೋನಾದ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಅದು ಹೊಸ ಜೀವ ಬಂದ ಹಾಗೆ ಕೆಲಸ ಮಾಡುತ್ತದೆ. ಇನ್ನು ಕೆಲವರು ಒಂದೂವರೆ ವರ್ಷ ಚುಚ್ಚಿಸಿಕೊಂಡರೂ ಸುಸ್ತು ಹೋಗಲಿಲ್ಲ ಅನ್ನುತ್ತಾರೆ. ಇಲ್ಲಿ ಬರೆಯುತ್ತಿರುವುದು ಎರಡನೇ ಗುಂಪಿನ ಒಬ್ಬರ ವಿಷಯ. ಗುರುತು ಸಿಗದಿರಲಿ ಅಂತ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ.

ಹಿನ್ನೆಲೆ

ನಲವತ್ತು ದಾಟಿದ ಗಂಡಸು. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಇಬ್ಬರು ಮಕ್ಕಳು, ಚಿಕ್ಕವಳಿಗೆ ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಮೆದುಳಿನ ಬುಡದಲ್ಲಿದ್ದು ಬೇರೆ ಹಾರ್ಮೋನು ಗ್ರಂಥಿಗಳಿಗೆ ಸೂಚನೆ ಕೊಡುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಕಂಡು ಆಪರೇಷನ್ ಆಗಿತ್ತು. ಕ್ಯಾನ್ಸರ್ ಅಲ್ಲ. ಆದರೆ ಗಡ್ಡೆಯ ಜೊತೆ ಗ್ರಂಥಿಯ ಕೆಲಸವೂ ಸ್ವಲ್ಪ ಹೋಯಿತು. ಥೈರಾಯ್ಡ್ ಮಾತ್ರೆ ಆಗಲೇ ಶುರುವಾಗಿತ್ತು.

ಆಪರೇಷನ್ ಆದ ಕೆಲವು ತಿಂಗಳಿಗೆ ಲೈಂಗಿಕ ಆಸಕ್ತಿ ಪೂರ್ತಿ ಕಡಿಮೆಯಾಯಿತು. ಗಡ್ಡ ನಿಧಾನವಾಗಿ ಬೆಳೆಯತೊಡಗಿತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬಾರಿ ರಕ್ತ ಪರೀಕ್ಷೆ ಮಾಡಿದಾಗ ಒಟ್ಟು ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ 148 ಮತ್ತು 162 ನ್ಯಾನೊಗ್ರಾಂ ಬಂತು. ಬೊಜ್ಜಿಲ್ಲದ 19ರಿಂದ 39 ವರ್ಷದ ಗಂಡಸರಿಗೆ 2017ರಲ್ಲಿ ಗೊತ್ತುಮಾಡಿದ ವ್ಯಾಪ್ತಿ 264ರಿಂದ 916. ಇವರದು ಅದಕ್ಕಿಂತ ಎಷ್ಟೋ ಕೆಳಗೆ. ಪಿಟ್ಯುಟರಿಯಿಂದ ಬಂದು ವೃಷಣಕ್ಕೆ ಸೂಚನೆ ಕೊಡುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ತಳ ಹಿಡಿದಿದ್ದವು. ಅಂದರೆ ವೃಷಣ ಸರಿಯಾಗೇ ಇದೆ, ಮೇಲಿಂದ ಸೂಚನೆ ಬರುತ್ತಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. "ಇಂಜೆಕ್ಷನ್ ಕೆಲಸ ಮಾಡ್ತಿಲ್ಲ" ಅಂತ ಬರುವವರಲ್ಲಿ ಎಷ್ಟೋ ಜನರಿಗೆ ಮೊದಲಿಗೆ ಕೊರತೆಯೇ ಇರುವುದಿಲ್ಲ. ಸಂಜೆ ಹೊತ್ತು, ಊಟವಾದ ಮೇಲೆ, ಜ್ವರ ಬಂದು ಹೋದ ವಾರದಲ್ಲಿ ಒಂದೇ ಒಂದು ಸಲ ತೆಗೆದ ರಕ್ತದ ಮೇಲೆ ಚಿಕಿತ್ಸೆ ಶುರುವಾಗಿರುತ್ತದೆ. ಇಲ್ಲದ ಕೊರತೆಯನ್ನು ಯಾವ ಔಷಧವೂ ತುಂಬುವುದಿಲ್ಲ. ಇವರ ವಿಷಯದಲ್ಲಿ ಆ ಅನುಮಾನವಿರಲಿಲ್ಲ.

ಶುರುವಾಗಿದ್ದು ಟೆಸ್ಟೊಸ್ಟೆರಾನ್ ಎನಾಂತೇಟ್ (ಎಣ್ಣೆಯಲ್ಲಿ ಬೆರೆಸಿದ ಟೆಸ್ಟೊಸ್ಟೆರಾನಿನ ಒಂದು ಬಗೆ) 250 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಇನ್ನು ಮಕ್ಕಳು ಬೇಡ ಅಂತ ಗಂಡ ಹೆಂಡತಿ ಮೊದಲೇ ಹೇಳಿದ್ದರು. ಇದನ್ನು ಕೇಳದೆ ಯಾರಿಗೂ ಈ ಇಂಜೆಕ್ಷನ್ ಬರೆಯಬಾರದು. ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದರೆ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಎನಾಂತೇಟನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿದ ವರದಿ ಬಂದಿದ್ದು ಇದೇ ಗುಣದಿಂದ.

ಸಮಸ್ಯೆ

ನಮ್ಮ ಹತ್ತಿರ ಬರುವ ಹೊತ್ತಿಗೆ ಅವರು ಎರಡು ಕಡೆ ತೋರಿಸಿಯಾಗಿತ್ತು. ಕೈಯಲ್ಲಿ ರಿಪೋರ್ಟುಗಳ ದಪ್ಪ ಕಟ್ಟು. ಕೂತವರೇ ಕೇಳಿದ್ದು ಇದು: "ನಮ್ಮ ಭಾವನಿಗೂ ಇದೇ ಇಂಜೆಕ್ಷನ್ ಡಾಕ್ಟ್ರೇ. ತಿಂಗಳಿಗೆ ಬೀಳೋ ಔಷಧವೂ ಹೆಚ್ಚುಕಡಿಮೆ ಅಷ್ಟೇ. ಅವರು ಆರಾಮಾಗಿದ್ದಾರೆ. ನನಗ್ಯಾಕೆ ಹೀಗೆ?"

ಹೀಗೆ ಅಂದರೆ ಹೇಗೆ? ಇಂಜೆಕ್ಷನ್ ಆದ ಮರುದಿನದಿಂದ ಮೂರ್ನಾಲ್ಕು ದಿನ ಮುಖ ಬಿಸಿ, ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು. ಆಮೇಲೆ ಸುಮಾರು ಒಂದು ವಾರ ಚೆನ್ನಾಗಿರುತ್ತಾರೆ. ಕೊನೆಯ ವಾರ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಹೆಂಡತಿ ಪಕ್ಕದಿಂದ ಸೇರಿಸಿದರು: "ಕ್ಯಾಲೆಂಡರ್ ನೋಡಿ ಮಾತಾಡಿಸೋ ಹಾಗಾಗಿದೆ." ಇಡೀ ಕಟ್ಟಿನಲ್ಲಿ ಇಲ್ಲದ ಸುಳಿವು ಆ ಒಂದು ಮಾತಿನಲ್ಲಿತ್ತು.

ಒಂದೂವರೆ ವರ್ಷದಲ್ಲಿ ನಡೆದದ್ದಿಷ್ಟು. ಮೊದಲ ರಿಪೋರ್ಟಿನಲ್ಲಿ ಟೆಸ್ಟೊಸ್ಟೆರಾನ್ 1120 ಬಂತು. ಜಾಸ್ತಿಯಾಯಿತು ಅಂತ ಡೋಸನ್ನು 200ಕ್ಕೆ ಇಳಿಸಿದರು. ಸುಸ್ತು ಹೆಚ್ಚಿತು. ಮುಂದಿನ ರಿಪೋರ್ಟಿನಲ್ಲಿ 190. ಕಡಿಮೆಯಾಯಿತು ಅಂತ 250 ಮಾಡಿ, ಎರಡು ವಾರಕ್ಕೊಮ್ಮೆ ಮಾಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಅಷ್ಟರಲ್ಲಿ ಶುರುವಿನಲ್ಲಿ 44 ಇದ್ದ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, 55 ಮುಟ್ಟಿತು. 54 ದಾಟಿದರೆ ಔಷಧ ನಿಲ್ಲಿಸಿ, ಇಳಿಯುವವರೆಗೆ ಕಾಯಬೇಕು ಅನ್ನುವುದು ಹಾರ್ಮೋನು ವೈದ್ಯರ ಸಂಘವಾದ ಅಮೆರಿಕದ ಎಂಡೊಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ. ನಿಲ್ಲಿಸಿದ್ದು ಸರಿಯೇ. ಆದರೆ ನಿಲ್ಲಿಸಿದ ಮೇಲೆ ಅವರು ಪೂರ್ತಿ ಕುಸಿದರು.

ಭಾವನ ಲೆಕ್ಕ

ಭಾವನ ಔಷಧವೂ ಎನಾಂತೇಟೇ. ಆದರೆ ಅವರು ವಾರಕ್ಕೆ 80 ಮಿಲಿಗ್ರಾಂ ತಾವೇ ಚುಚ್ಚಿಕೊಳ್ಳುತ್ತಿದ್ದರು. ಇವರ ಮೂರು ವಾರದ 250 ಎಂದರೆ ವಾರಕ್ಕೆ ಸುಮಾರು 83. ಒಟ್ಟು ಒಂದೇ, ನಿಜ. ಮೈಗೆ ಮಾತ್ರ ಎರಡೂ ಒಂದಲ್ಲ.

ಶುದ್ಧ ಟೆಸ್ಟೊಸ್ಟೆರಾನ್ ಚುಚ್ಚಿದರೆ ಬೇಗ ಕರಗಿಹೋಗುತ್ತದೆ. ಅದಕ್ಕೇ ಅದಕ್ಕೆ ಒಂದು ಆಮ್ಲದ ಬಾಲ ಜೋಡಿಸಿ ಎಣ್ಣೆಯಲ್ಲಿ ಬೆರೆಸುತ್ತಾರೆ. ಆ ಎಣ್ಣೆ ಸ್ನಾಯುವಿನಲ್ಲಿ ತಂಗಿ, ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ಅಲ್ಲಿ ಬಾಲ ಕಳಚಿ ಟೆಸ್ಟೊಸ್ಟೆರಾನ್ ಉಳಿಯುತ್ತದೆ. ಬಾಲ ಚಿಕ್ಕದಿದ್ದರೆ ಬೇಗ ಮುಗಿಯುತ್ತದೆ, ಉದ್ದವಿದ್ದರೆ ತಡ. ಔಷಧದ ಹೆಸರಿನ ಕೊನೆಯಲ್ಲಿ ಬರುವುದು ಈ ಬಾಲದ ಹೆಸರೇ. ಪ್ರೊಪಿಯೊನೇಟ್ ಒಂದೆರಡು ದಿನದ ಮಾತು. ಎನಾಂತೇಟ್ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕೂವರೆ ದಿನ. ಹರಳೆಣ್ಣೆಯಲ್ಲಿ ಬರುವ ಅಂಡೆಕನೊಯೇಟ್ ಹಲವು ವಾರ ನಿಲ್ಲುತ್ತದೆ. ಬಾಲಕ್ಕೂ ತೂಕವಿರುತ್ತದೆ ಅನ್ನುವುದನ್ನು ಮರೆಯುವವರೇ ಜಾಸ್ತಿ. 100 ಮಿಲಿಗ್ರಾಂ ಎನಾಂತೇಟಿನಲ್ಲಿ ನಿಜವಾದ ಟೆಸ್ಟೊಸ್ಟೆರಾನ್ 72, ಸಿಪಿಯೊನೇಟಿನಲ್ಲಿ 70, ಅಂಡೆಕನೊಯೇಟಿನಲ್ಲಿ 63 ಮಿಲಿಗ್ರಾಂ. ಹಾಗಾಗಿ ಬೇರೆ ಬೇರೆ ಔಷಧಗಳ ಮಿಲಿಗ್ರಾಂಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಒರಟಾಗಿ ಲೆಕ್ಕ ಹಾಕೋಣ. ನಾಲ್ಕೂವರೆ ದಿನಕ್ಕೆ ಅರ್ಧ, ಒಂಬತ್ತು ದಿನಕ್ಕೆ ಕಾಲು, ಹದಿನೆಂಟನೇ ದಿನಕ್ಕೆ ಹದಿನಾರನೇ ಒಂದು ಪಾಲು. ಇಪ್ಪತ್ತೊಂದನೇ ದಿನ ಉಳಿಯುವುದು ಚೂರುಪಾರು. ವಾರಕ್ಕೊಮ್ಮೆ ತೆಗೆದುಕೊಂಡರೆ ಏರಿಗೂ (ಅತಿ ಹೆಚ್ಚಿನ ಮಟ್ಟ) ಇಳಿಗೂ (ಅತಿ ಕಡಿಮೆ ಮಟ್ಟ) ಸುಮಾರು ಮೂರು ಪಟ್ಟು ವ್ಯತ್ಯಾಸ. ಮೂರು ವಾರಕ್ಕೊಮ್ಮೆ ಅಂದರೆ ಇದೇ ಲೆಕ್ಕದಲ್ಲಿ ಅದು ಇಪ್ಪತ್ತು ಪಟ್ಟು ದಾಟುತ್ತದೆ. ಮೈಯಲ್ಲಿ ಇಷ್ಟು ಸರಳವಾಗಿ ನಡೆಯುವುದಿಲ್ಲ, ಎಣ್ಣೆ ಇಳಿಯುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು. ಆದರೆ ಯಾರು ಏರಿಳಿತದಲ್ಲಿ ಒದ್ದಾಡುತ್ತಾರೆ ಅಂತ ಊಹಿಸಲು ಇಷ್ಟು ಸಾಕು.

ಇದು ಹೊಸ ವಿಷಯವೇನೂ ಅಲ್ಲ. ಎನಾಂತೇಟನ್ನು ವಾರಕ್ಕೆ 100, ಎರಡು ವಾರಕ್ಕೆ 200, ಮೂರು ವಾರಕ್ಕೆ 300, ನಾಲ್ಕು ವಾರಕ್ಕೆ 400 ಮಿಲಿಗ್ರಾಂ ಕೊಟ್ಟು ಹೋಲಿಸಿದ ಅಧ್ಯಯನ 1980ರಲ್ಲೇ ಪ್ರಕಟವಾಗಿದೆ. ಸರಾಸರಿ ಡೋಸು ಎಲ್ಲದರಲ್ಲೂ ಒಂದೇ. ಇಂಜೆಕ್ಷನ್ನುಗಳ ನಡುವಿನ ಅಂತರ ಹಿಗ್ಗಿದಷ್ಟೂ ಏರಿಳಿತ ಹಿಗ್ಗುತ್ತದೆ. ಅಷ್ಟಾದರೂ ಮೂರು ವಾರಕ್ಕೊಮ್ಮೆ ಬರೆಯುವ ಅಭ್ಯಾಸ ಬಿಟ್ಟುಹೋಗಿಲ್ಲ. ಬರೆಯುವವರಿಗೂ ಚುಚ್ಚಿಸಿಕೊಳ್ಳುವವರಿಗೂ ಅನುಕೂಲ, ಅಲ್ವಾ?

ರಿಪೋರ್ಟುಗಳನ್ನು ಮತ್ತೆ ಜೋಡಿಸಿದ್ದು

ಕಟ್ಟಿನಲ್ಲಿದ್ದ ರಿಪೋರ್ಟುಗಳು ತಾರೀಖಿನ ಕ್ರಮದಲ್ಲಿದ್ದವು. ಹಾಗೆ ಓದಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಇಂಜೆಕ್ಷನ್ ಹಾಕಿದ ತಾರೀಖುಗಳು ಇವರ ಫೋನಿನಲ್ಲಿದ್ದವು. ಪ್ರತಿ ರಿಪೋರ್ಟಿನ ಮೂಲೆಯಲ್ಲಿ ಅದು ಇಂಜೆಕ್ಷನ್ ಆಗಿ ಎಷ್ಟನೇ ದಿನದ ರಕ್ತ ಅಂತ ಪೆನ್ಸಿಲಿನಲ್ಲಿ ಬರೆದು, ಆ ಕ್ರಮದಲ್ಲಿ ಮೇಜಿನ ಮೇಲೆ ಹರಡಿದೆವು. 1120 ಮೂರನೇ ದಿನದ್ದು. 190 ಇಪ್ಪತ್ತನೇ ದಿನದ್ದು. ಮೊದಲನೆಯದರ ಮೇಲೆ ಡೋಸು ಇಳಿಸಿದ್ದೂ ಎರಡನೆಯದರ ಮೇಲೆ ಏರಿಸಿದ್ದೂ, ಎರಡೂ ಬರಿಯ ಅಂಕಿ ನೋಡಿ ಆದ ತೀರ್ಮಾನ. ಯಾವ ದಿನದ ಅಂಕಿ ಅಂತ ಯಾರೂ ಕೇಳಿರಲಿಲ್ಲ. ಲ್ಯಾಬಿನ ಫಾರಂನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ಅದೇ ಕಟ್ಟಿನಲ್ಲಿ ಇನ್ನೊಂದು ರಿಪೋರ್ಟು ಅವರನ್ನು ವಿಪರೀತ ಹೆದರಿಸಿತ್ತು. ಅದರಲ್ಲಿದ್ದದ್ದು ಬರೀ 21. "ಪೂರ್ತಿ ಖಾಲಿಯಾಗಿದೆ ಅಂದ್ಕೊಂಡೆ" ಅಂದರು. ಆ ಲ್ಯಾಬು ಲೀಟರಿಗೆ ನ್ಯಾನೊಮೋಲ್ ಲೆಕ್ಕದಲ್ಲಿ ಬರೆದಿತ್ತು. 28.8ರಿಂದ ಗುಣಿಸಿದರೆ 605 ಆಗುತ್ತದೆ. ಏಳನೇ ದಿನದ ರಕ್ತಕ್ಕೆ ಏನೂ ತೊಂದರೆಯಿಲ್ಲದ ಅಂಕಿ. ಘಟಕ ನೋಡದೆ ಒಂದು ವಾರ ನಿದ್ದೆಗೆಟ್ಟಿದ್ದರು, ಪಾಪ.

ಎನಾಂತೇಟ್, ಸಿಪಿಯೊನೇಟ್ ತೆಗೆದುಕೊಳ್ಳುವವರಿಗೆ ಎರಡು ಇಂಜೆಕ್ಷನ್ನುಗಳ ನಡುಮಧ್ಯದ ದಿನ ರಕ್ತ ತೆಗೆಯಬೇಕು. ಆ ಹೊತ್ತಿನಲ್ಲಿ 350ಕ್ಕಿಂತ ಕೆಳಗೆ ಅಥವಾ 600ಕ್ಕಿಂತ ಮೇಲೆ ಇದ್ದರೆ ಡೋಸನ್ನೋ ಅಂತರವನ್ನೋ ಬದಲಾಯಿಸಿ ಅನ್ನುತ್ತದೆ ಅದೇ 2018ರ ಮಾರ್ಗಸೂಚಿ. ಅಂಡೆಕನೊಯೇಟಿಗೆ ಬೇರೆ ನಿಯಮ. ಅದರಲ್ಲಿ ಮುಂದಿನ ಇಂಜೆಕ್ಷನ್ನಿಗೆ ಸ್ವಲ್ಪ ಮೊದಲು ನೋಡುತ್ತಾರೆ.

ಸುಸ್ತಿಗೆ ಬೇರೆ ಕಾರಣಗಳು

ಏರಿಳಿತವೇ ಎಲ್ಲದಕ್ಕೂ ಕಾರಣ ಅಂತ ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಪಿಟ್ಯುಟರಿ ಆಪರೇಷನ್ ಆದವರು ಸುಸ್ತು ಅಂದಾಗ ಮೊದಲು ನೋಡಬೇಕಾದ್ದು ಕಾರ್ಟಿಸಾಲ್ ಎಂಬ ಹಾರ್ಮೋನು. ಅದು ಕಡಿಮೆಯಿದ್ದು ಯಾರೂ ಗಮನಿಸದಿದ್ದರೆ ಪ್ರಾಣಕ್ಕೇ ಕುತ್ತು. ಅದು ಸರಿ ಇತ್ತು. ಥೈರಾಯ್ಡ್ ಕೂಡ ಸರಿ ಇತ್ತು. ಇಂಥವರಲ್ಲಿ ಪಿಟ್ಯುಟರಿಯೇ ಕಳಿಸುವ ಟಿಎಸ್‌ಎಚ್ ನಂಬುವ ಹಾಗಿಲ್ಲ, ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ನೋಡಬೇಕು.

ಸಿಕ್ಕಿದ್ದು ಬೇರೆ ಎರಡು ವಿಷಯ. ಒಂದು, ಗೊರಕೆ. "ರಾತ್ರಿ ಮಧ್ಯೆ ಉಸಿರೇ ನಿಂತಂಗಾಗುತ್ತೆ, ನಾನು ತಟ್ಟಿ ಎಬ್ಬಿಸ್ತೀನಿ" ಅಂದರು ಹೆಂಡತಿ. ನಿದ್ದೆಯ ಪರೀಕ್ಷೆ ಮಾಡಿಸಿದಾಗ ಮಧ್ಯಮ ತೀವ್ರತೆಯ ಸ್ಲೀಪ್ ಆಪ್ನಿಯಾ ಗೊತ್ತಾಯಿತು. ಹಗಲಿನ ಸುಸ್ತಿಗೆ ಅದೊಂದೇ ಸಾಕು. ರಾತ್ರಿ ಆಮ್ಲಜನಕ ಇಳಿದಾಗ ಮೈ ಕೆಂಪುಕಣ ಹೆಚ್ಚು ಮಾಡುತ್ತದೆ. ಟೆಸ್ಟೊಸ್ಟೆರಾನ್ ಕೂಡ ಅದನ್ನೇ ಮಾಡುತ್ತದೆ. ಇಂಜೆಕ್ಷನ್ನಿನಲ್ಲಿ, ಅದರಲ್ಲೂ ಏರು ದೊಡ್ಡದಿದ್ದಾಗ, ಚರ್ಮಕ್ಕೆ ಹಚ್ಚುವ ಜೆಲ್ಲಿಗಿಂತ ಜಾಸ್ತಿ. ಎರಡೂ ಸೇರಿ ಹೆಮಟೋಕ್ರಿಟ್ ಏರಿಸಿದ್ದವು.

ಇನ್ನೊಂದು, ರಕ್ತದಾನ. ಹೆಮಟೋಕ್ರಿಟ್ ಏರತೊಡಗಿದಾಗ ಯಾರೋ "ಸುಮ್ನೆ ಬ್ಲಡ್ ಡೊನೇಟ್ ಮಾಡಿ, ಸರಿಹೋಗುತ್ತೆ" ಅಂದಿದ್ದರು. ಅವಕಾಶ ಸಿಕ್ಕಿದಾಗಲೆಲ್ಲ ಕೊಟ್ಟಿದ್ದಾರೆ. ಪ್ರತಿ ಸಲವೂ ರಕ್ತದ ಜೊತೆ ಕಬ್ಬಿಣಾಂಶವೂ ಹೋಗುತ್ತದೆ. ನಾವು ನೋಡಿದಾಗ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಿಲಿಲೀಟರಿಗೆ 11 ನ್ಯಾನೊಗ್ರಾಂ. ರಕ್ತ ದಪ್ಪಗಾಗಿದೆ, ಕಬ್ಬಿಣದ ದಾಸ್ತಾನು ಮಾತ್ರ ಖಾಲಿ. ಇವೆರಡೂ ಒಟ್ಟಿಗೆ ಇರಲು ಸಾಧ್ಯವೇ ಅಂತ ಜೊತೆಗಿದ್ದ ಕಿರಿಯ ವೈದ್ಯರು ಕೇಳಿದರು. ಸಾಧ್ಯ. ಏರಿಸುವ ಔಷಧವನ್ನು ಹಾಗೇ ಬಿಟ್ಟು ರಕ್ತ ಮಾತ್ರ ತೆಗೆಯುತ್ತಾ ಹೋದರೆ ಹೀಗೇ ಆಗುವುದು.

ಇಲ್ಲಿ ನಿರ್ಧಾರ ಕಷ್ಟವಾಯಿತು. ಫೆರಿಟಿನ್ ಇಷ್ಟು ಕಡಿಮೆ ಅಂತ ತಕ್ಷಣ ಕಬ್ಬಿಣದ ಮಾತ್ರೆ ಕೊಟ್ಟರೆ ಹೆಮಟೋಕ್ರಿಟ್ ಮತ್ತೆ ಹಾರಬಹುದು. ಕೊಡದಿದ್ದರೆ ಸುಸ್ತು ಉಳಿಯುತ್ತದೆ. ರಕ್ತದಾನ ನಿಲ್ಲಿಸಿ, ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಶುರು ಮಾಡಿ, ಹೆಮಟೋಕ್ರಿಟ್ 50ಕ್ಕಿಂತ ಕೆಳಗೆ ಬರುವವರೆಗೆ ಕಾಯೋಣ, ಆಮೇಲೆ ಕಬ್ಬಿಣ ಸಣ್ಣ ಪ್ರಮಾಣದಲ್ಲಿ ಕೊಡೋಣ ಅಂತ ತೀರ್ಮಾನಿಸಿದೆವು. ಕಾಯುವುದು ಅವರಿಗೆ ಇಷ್ಟವಿರಲಿಲ್ಲ. ಟೆಸ್ಟೊಸ್ಟೆರಾನ್ ಇಲ್ಲದ ದಿನಗಳು ಅವರಿಗೆ ನರಕ. ಆದರೂ ಒಪ್ಪಿದರು.

ಯಾವ ಮಾರ್ಗ?

ಹೆಮಟೋಕ್ರಿಟ್ 48ಕ್ಕೆ ಇಳಿದ ಮೇಲೆ ಮೂರು ದಾರಿಗಳಿದ್ದವು. ಜೆಲ್ ಹಚ್ಚಿಕೊಂಡರೆ ಏರಿಳಿತ ಕಡಿಮೆ, ಕೆಂಪುಕಣದ ತೊಂದರೆಯೂ ಕಡಿಮೆ. ಆದರೆ ಹಚ್ಚಿದ ಚರ್ಮ ತಾಗಿದವರ ಮೈಗೂ ಅದು ಅಂಟುತ್ತದೆ. ನಾಲ್ಕು ವರ್ಷದ ಮಗಳು ಅಪ್ಪನ ಹೆಗಲ ಮೇಲೇ ಮಲಗುವ ಮನೆಯಲ್ಲಿ ಅದು ಬೇಡ ಅನಿಸಿತು. ಅಂಡೆಕನೊಯೇಟ್ 1000 ಮಿಲಿಗ್ರಾಂ ಮೊದಲೆರಡು ಡೋಸು ಆರು ವಾರದ ಅಂತರದಲ್ಲಿ, ಆಮೇಲೆ 10ರಿಂದ 14 ವಾರಕ್ಕೊಮ್ಮೆ ಕೊಡುತ್ತಾರೆ. ನೆಮ್ಮದಿಯ ದಾರಿ. ಆದರೆ ಹೆಮಟೋಕ್ರಿಟ್ ಮತ್ತೆ ಏರಿದರೆ ಒಳಗೆ ಹೋದ ಔಷಧವನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಹೀಗಾಗಿ ಮೂರನೆಯದು, ವಾರಕ್ಕೆ 80 ಮಿಲಿಗ್ರಾಂ ಎನಾಂತೇಟ್. ಮೈ ಒಪ್ಪುತ್ತದೋ ಇಲ್ಲವೋ ಬೇಗ ತಿಳಿಯುತ್ತದೆ, ಬೇಡವಾದರೆ ಬೇಗ ನಿಲ್ಲಿಸಲೂ ಆಗುತ್ತದೆ.

80ರಲ್ಲಿ ನಿಜವಾದ ಟೆಸ್ಟೊಸ್ಟೆರಾನ್ ಸುಮಾರು 58 ಮಿಲಿಗ್ರಾಂ, ದಿನಕ್ಕೆ ಎಂಟು. ಆರೋಗ್ಯವಂತ ಗಂಡಸಿನ ಮೈ ದಿನಕ್ಕೆ 3ರಿಂದ 10 ಮಿಲಿಗ್ರಾಂ ತಯಾರಿಸುತ್ತದೆ. ಹಾಗಾಗಿ ಡೋಸು ಸಾಲದು ಅನ್ನಲು ಕಾರಣವಿರಲಿಲ್ಲ. ಆರನೇ ವಾರ ನಡುಮಧ್ಯದ ದಿನ ರಕ್ತ ತೆಗೆದೆವು. ಬಂದಿದ್ದು 310.

0.32ರ ಗೆರೆ

ಈ ಹಂತದಲ್ಲಿ ಕೈ ನೇರ ಡೋಸಿನ ಕಡೆ ಹೋಗುತ್ತದೆ. 310 ಅಂದರೆ 350ಕ್ಕಿಂತ ಕಡಿಮೆ, 100 ಮಾಡಿಬಿಡೋಣ. ಅದರ ಬದಲು ನಮ್ಮ ನರ್ಸ್ ಒಂದು ಮಾತು ಹೇಳಿದರು: "ಅವರು ಹೇಗೆ ಚುಚ್ಚಿಕೊಳ್ತಾರೆ ಅಂತ ಒಮ್ಮೆ ನೋಡೋಣ ಸರ್." ಮುಂದಿನ ಇಂಜೆಕ್ಷನ್ನನ್ನು ನಮ್ಮೆದುರೇ ಹಾಕಿಕೊಳ್ಳಲು ಹೇಳಿದೆವು. ಇಡೀ ಪ್ರಕರಣದ ದಿಕ್ಕು ಬದಲಾಗಿದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಔಷಧ ಮಿಲಿಲೀಟರಿಗೆ 250 ಮಿಲಿಗ್ರಾಂ. 80 ಬೇಕೆಂದರೆ 0.32 ಮಿಲಿಲೀಟರ್ ಎಳೆಯಬೇಕು. ಅವರ ಕೈಯಲ್ಲಿದ್ದದ್ದು 5 ಮಿಲಿಲೀಟರಿನ ಸಿರಿಂಜು. ಅದರಲ್ಲಿ ಗೆರೆಗಳು 0.2ಕ್ಕೊಂದು. 0.32ಕ್ಕೆ ಗೆರೆಯೇ ಇಲ್ಲ. 0.2ಕ್ಕೂ 0.4ಕ್ಕೂ ನಡುವೆ ಕಣ್ಣಂದಾಜಿನಲ್ಲಿ ನಿಲ್ಲಿಸುತ್ತಿದ್ದರು. ಎಣ್ಣೆ ದಪ್ಪ ಅಂತ ದಪ್ಪ ಸೂಜಿಯಲ್ಲಿ ಎಳೆದು, ಆಮೇಲೆ ಸಣ್ಣ ಸೂಜಿ ಹಾಕುತ್ತಿದ್ದರು. ಅದು ಸರಿಯಾದ ಪದ್ಧತಿಯೇ. ಆದರೆ ಹೊಸ ಸೂಜಿಯ ಬುಡ ತುಂಬಲು ಸ್ವಲ್ಪ ಎಣ್ಣೆ ಖರ್ಚಾಗುತ್ತದೆ, ಅದು ಮೈಗೆ ಹೋಗುವುದಿಲ್ಲ. 2 ಮಿಲಿಲೀಟರ್ ಕೊಡುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. 0.32ರಲ್ಲಿ ಅದು ದೊಡ್ಡ ಪಾಲು.

ಚುಚ್ಚಿದ್ದು ಸೊಂಟದ ಕೆಳಗೆ, ಹಿಂಬದಿಯಲ್ಲಿ. ಕನ್ನಡಿಯಲ್ಲಿ ನೋಡಿಕೊಂಡು, ಮೈ ತಿರುಚಿಕೊಂಡು. ಸೂಜಿ ಗಿಡ್ಡ, ಅಲ್ಲಿ ಕೊಬ್ಬು ದಪ್ಪ. ಒತ್ತಿದ ಕೂಡಲೇ ಸೂಜಿ ಹೊರಗೆಳೆದರು. ಚರ್ಮದ ಮೇಲೆ ಎಣ್ಣೆಯ ಹನಿ ಮೂಡಿ ನಿಧಾನವಾಗಿ ಇಳಿಯಿತು. ಅದನ್ನು ಹತ್ತಿಯಲ್ಲಿ ಒರೆಸಿ, "ಇಷ್ಟೇ ಡಾಕ್ಟ್ರೇ" ಅಂದರು. ಒರೆಸಿದ್ದು ಔಷಧವನ್ನೇ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಔಷಧ ಸ್ನಾಯುವಿನ ಬದಲು ಚರ್ಮದಡಿಯ ಕೊಬ್ಬಿಗೆ ಹೋದರೆ ವ್ಯರ್ಥ ಅಂತಲ್ಲ. ಎನಾಂತೇಟನ್ನು ಚರ್ಮದಡಿಗೇ ಕೊಡುವ ಉಪಕರಣಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿದೆ. ತೊಂದರೆ ಇರುವುದು ಒಂದು ವಾರ ಕೊಬ್ಬಿಗೆ, ಇನ್ನೊಂದು ವಾರ ಸ್ನಾಯುವಿಗೆ, ಮತ್ತೊಂದು ವಾರ ಅರ್ಧ ಹತ್ತಿಗೆ ಹೋದಾಗ. ಆಗ ಯಾವ ಅಂಕಿಗೂ ಅರ್ಥವಿರುವುದಿಲ್ಲ.

ಡೋಸು ಮುಟ್ಟಲಿಲ್ಲ. ಸಿರಿಂಜು 1 ಮಿಲಿಲೀಟರಿನದು ಕೊಟ್ಟೆವು, ಅದರಲ್ಲಿ 0.01ಕ್ಕೊಂದು ಗೆರೆ. ಸೂಜಿ ಬದಲಿಸಿ, ಗಾಳಿ ತೆಗೆದು, ಸೂಜಿ ತುದಿಯಲ್ಲಿ ಎಣ್ಣೆ ಕಂಡ ಮೇಲೆ 0.32ಕ್ಕೆ ಹೊಂದಿಸಲು ಕಲಿಸಿದೆವು. ಜಾಗ ತೊಡೆಯ ಹೊರಭಾಗ, ಒಂದು ವಾರ ಬಲ, ಒಂದು ವಾರ ಎಡ. ಅಲ್ಲಿ ಕೂತುಕೊಂಡೇ ಕಣ್ಣಾರೆ ನೋಡಿ ಚುಚ್ಚಬಹುದು. ನಿಧಾನವಾಗಿ ಒತ್ತಿ, ಹತ್ತು ಎಣಿಸಿ, ಆಮೇಲೆ ಸೂಜಿ ತೆಗೆಯಬೇಕು. ಮುಂದಿನ ಆರು ವಾರ ಕಳೆದು ಅದೇ ನಡುಮಧ್ಯದ ದಿನ ನೋಡಿದರೆ 520. ಮೊದಲೇ 100ಕ್ಕೆ ಏರಿಸಿದ್ದಿದ್ದರೆ, ಯಾವಾಗಲೋ ಒಮ್ಮೆ ಸರಿಯಾಗಿ ಚುಚ್ಚಿಕೊಂಡ ವಾರಗಳಲ್ಲಿ ಹೆಮಟೋಕ್ರಿಟ್ ಮತ್ತೆ ಎತ್ತಿಕೊಳ್ಳುತ್ತಿತ್ತು.

ಭಾವನಿಗೆ 780, ನನಗೆ 520

ಅಂಕಿ ಸರಿಹೋಯಿತು, ಹೋಲಿಕೆ ನಿಲ್ಲಲಿಲ್ಲ. ಭಾವನ ರಿಪೋರ್ಟಿನಲ್ಲಿ 780 ಇದೆಯಂತೆ. ತನಗೂ ಅಷ್ಟು ಬೇಕು.

ರಕ್ತದಲ್ಲಿ ಟೆಸ್ಟೊಸ್ಟೆರಾನ್ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವುದು ಶೇಕಡಾ 2ರ ಆಸುಪಾಸು. ಗಟ್ಟಿಯಾಗಿ ಹಿಡಿದುಕೊಳ್ಳುವ ಪ್ರೋಟೀನು ಎಸ್‌ಎಚ್‌ಬಿಜಿ. ವಯಸ್ಸಾದಂತೆ ಅದು ಏರುತ್ತದೆ. ಲಿವರ್ ಕಾಯಿಲೆಯಲ್ಲೂ ಥೈರಾಯ್ಡ್ ಹಾರ್ಮೋನು ಜಾಸ್ತಿಯಾದಾಗಲೂ ಏರುತ್ತದೆ. ಬೊಜ್ಜು, ಟೈಪ್ 2 ಡಯಾಬಿಟಿಸ್ ಇದ್ದರೆ ಇಳಿಯುತ್ತದೆ. ಹಿಡಿದಿಡುವ ಪ್ರೋಟೀನು ಕಡಿಮೆಯಿದ್ದರೆ ಒಟ್ಟು ಅಂಕಿ ಕಡಿಮೆ ಕಾಣುತ್ತದೆ, ಕೆಲಸಕ್ಕೆ ಬರುವ ಬಿಡಿ ಪಾಲು ಮಾತ್ರ ಸಾಕಷ್ಟಿರುತ್ತದೆ. ಇವರ ಹೊಟ್ಟೆಯ ಸುತ್ತ ಬೊಜ್ಜಿತ್ತು, ಎಸ್‌ಎಚ್‌ಬಿಜಿ 16 ಮಾತ್ರ. ಲೆಕ್ಕ ಹಾಕಿದ ಬಿಡಿ ಟೆಸ್ಟೊಸ್ಟೆರಾನ್ ಆರಾಮಾಗಿ ಸಾಮಾನ್ಯ ವ್ಯಾಪ್ತಿಯಲ್ಲಿತ್ತು. ಭಾವ ಅರವತ್ತು ದಾಟಿದ, ತೆಳ್ಳನೆಯ ಮನುಷ್ಯ ಅಂತ ಇವರೇ ಹೇಳಿದ್ದರು. ಅವರ 780ರ ಹಿಂದೆ ಎಸ್‌ಎಚ್‌ಬಿಜಿ ಜಾಸ್ತಿ ಇರಬಹುದು. ನಮ್ಮ ರೋಗಿಯಲ್ಲ, ಆದ್ದರಿಂದ ಊಹೆ ಅಷ್ಟೇ.

ಅಂಕಿ ಒಂದೇ ಇದ್ದರೂ ಎಲ್ಲರ ಮೈಯೂ ಅದಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ ಅನ್ನುವುದೂ ಇದೆ. ಟೆಸ್ಟೊಸ್ಟೆರಾನ್ ಹಿಡಿಯುವ ಗ್ರಾಹಿಯ ಜೀನಿನಲ್ಲಿ ಸಿಎಜಿ ಎಂಬ ತುಣುಕು ಮತ್ತೆ ಮತ್ತೆ ಬರುತ್ತದೆ. ಪುನರಾವರ್ತನೆ ಕಡಿಮೆಯಿದ್ದರೆ ಗ್ರಾಹಿ ಚುರುಕು, ಜಾಸ್ತಿಯಿದ್ದರೆ ಮಂದ. ಇದನ್ನು ಪರೀಕ್ಷೆ ಮಾಡಿಸಿ ಡೋಸು ಬರೆಯುವ ರೂಢಿ ಇಲ್ಲ, ನಾವೂ ಮಾಡಿಸಲಿಲ್ಲ.

ಇನ್ನೊಂದು ಬೇಡಿಕೆ ಜಿಮ್ಮಿನ ಗೆಳೆಯರಿಂದ ಬಂತು. ಸ್ತನದ ಭಾಗದಲ್ಲಿ ಸ್ವಲ್ಪ ನೋವಿದೆ, ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ತಡೆಯುವ ಮಾತ್ರೆ ಕೊಡಿ ಅಂದರು. ಟೆಸ್ಟೊಸ್ಟೆರಾನ್ ಒಂದಿಷ್ಟು ಕೊಬ್ಬಿನ ಅಂಗಾಂಶದಲ್ಲಿ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೊಜೆನ್ ಆಗುವುದು ನಿಜ. ಏರು ದೊಡ್ಡದಿದ್ದಾಗ ಅದೂ ಜಾಸ್ತಿ. ಆದರೆ ಗಂಡಸಿನ ಮೂಳೆಗೂ ಲೈಂಗಿಕ ಆಸಕ್ತಿಗೂ ಎಸ್ಟ್ರಾಡಿಯಾಲ್ ಬೇಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನು ತಡೆದಾಗ ಗಂಡಸರ ಕೊಬ್ಬು ಹೆಚ್ಚಿತು, ಲೈಂಗಿಕ ಶಕ್ತಿ ಕುಗ್ಗಿತು. ಮಾತ್ರೆ ಬರೆಯಲಿಲ್ಲ. ವಾರದ ಡೋಸಿನಲ್ಲಿ ಏರು ತಗ್ಗಿದ ಮೇಲೆ ಆ ನೋವು ತಾನಾಗೇ ಹೋಯಿತು.

ಏನಾಯಿತು

ಒಂದು ವರ್ಷದ ಹೊತ್ತಿಗೆ ನಡುಮಧ್ಯದ ಅಂಕಿ 500ರ ಸುತ್ತ ನಿಂತಿದೆ. ಹೆಮಟೋಕ್ರಿಟ್ 48, 49. ಫೆರಿಟಿನ್ ನಿಧಾನವಾಗಿ 40 ದಾಟಿದೆ. ಸಿಟ್ಟು, ನಿದ್ದೆಗೇಡು, ಕೊನೆಯ ವಾರದ ಕುಸಿತ ಇಲ್ಲ. ಕ್ಯಾಲೆಂಡರ್ ನೋಡಬೇಕಾಗಿಲ್ಲ ಅಂತ ಹೆಂಡತಿ ಹೇಳಿದರು. ಲೈಂಗಿಕ ಆಸಕ್ತಿ ಮೊದಲ ತಿಂಗಳೊಳಗೇ ಮರಳಿತ್ತು. ಅದು ಬೇಗ ಬರುವ ಫಲ, ಸಾಮಾನ್ಯವಾಗಿ ಮೂರನೇ ವಾರದಿಂದ ಕಾಣುತ್ತದೆ. ಕೊಬ್ಬು, ಸ್ನಾಯುಗಳಲ್ಲಿ ಬದಲಾವಣೆಗೆ ಮೂರ್ನಾಲ್ಕು ತಿಂಗಳು ಬೇಕು. ಮೂಳೆಯಲ್ಲಿ ಆರು ತಿಂಗಳಿಗೆ ಶುರುವಾಗಿ ಎರಡು ಮೂರು ವರ್ಷ ನಡೆಯುತ್ತದೆ. ಈ ಪಟ್ಟಿಯನ್ನು ಶುರುವಿನಲ್ಲೇ ಹೇಳಿದ್ದರೆ ಮೊದಲ ವರ್ಷದ ಅರ್ಧ ಬೇಸರ ತಪ್ಪುತ್ತಿತ್ತು ಅಂತ ಅವರೇ ಅಂದರು.

ಎಲ್ಲವೂ ಸರಿಹೋಗಿಲ್ಲ. ನಿಮಿರುವಿಕೆ ಸುಧಾರಿಸಿದೆ, ಪೂರ್ತಿ ಅಲ್ಲ. ಬಿಪಿ, ಸಕ್ಕರೆ ಎರಡೂ ಗಡಿಯಲ್ಲಿವೆ. ರಕ್ತನಾಳದ ತೊಂದರೆಗೆ ಟೆಸ್ಟೊಸ್ಟೆರಾನ್ ಔಷಧವಲ್ಲ. ಸಂಜೆಯ ಸುಸ್ತು ಸ್ವಲ್ಪ ಉಳಿದಿದೆ. ಸಿಪ್ಯಾಪ್ ಹಾಕದೆ ಮಲಗಿದ ಮರುದಿನ ಅದು ಜಾಸ್ತಿ ಅಂತ ಈಗ ಅವರಿಗೇ ಗೊತ್ತಾಗಿದೆ. 65 ದಾಟಿದ 790 ಗಂಡಸರ ಮೇಲೆ ನಡೆದು 2016ರಲ್ಲಿ ವರದಿಯಾದ ಅಮೆರಿಕದ ಅಧ್ಯಯನದಲ್ಲೂ ಲೈಂಗಿಕ ವಿಷಯದಲ್ಲಿ ಸಾಧಾರಣ ಲಾಭ ಕಂಡಿತ್ತು, ಉತ್ಸಾಹ ಚೈತನ್ಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಇವರ ವಯಸ್ಸು, ಕಾಯಿಲೆ ಎರಡೂ ಬೇರೆ. ಆದರೂ ಸುಸ್ತನ್ನೆಲ್ಲ ಈ ಹಾರ್ಮೋನಿನ ತಲೆಗೆ ಕಟ್ಟುವ ಮುಂಚೆ ಆ ಫಲಿತಾಂಶ ನೆನಪಿರಬೇಕು.

ಹೃದಯಕ್ಕೆ ಅಪಾಯವಿಲ್ಲವೇ ಅಂತ ಅವರು ಕೇಳಿದ್ದರು. 5,246 ಗಂಡಸರನ್ನು ಸೇರಿಸಿಕೊಂಡು 2023ರಲ್ಲಿ ವರದಿಯಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತ ತಾಳ ತಪ್ಪುವುದು, ಶ್ವಾಸಕೋಶಕ್ಕೆ ರಕ್ತ ಹೆಪ್ಪು ಹೋಗುವುದು ಸ್ವಲ್ಪ ಜಾಸ್ತಿ ಕಂಡಿತು. ಅದರಲ್ಲಿ ಬಳಸಿದ್ದು ಜೆಲ್. ಇಂಜೆಕ್ಷನ್ನಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ, ಅದರಲ್ಲೂ ಹೆಮಟೋಕ್ರಿಟ್ ಒಮ್ಮೆ 55 ಮುಟ್ಟಿದವರಿಗೆ. ಇದನ್ನು ಮುಚ್ಚಿಡದೆ ಹೇಳಿದೆವು.

ಬೇರೆಯವರ ಉಪಯೋಗಕ್ಕೆ

ಈ ಪ್ರಕರಣದ ನಂತರ ನಮ್ಮಲ್ಲಿ ಕೆಲವು ಪದ್ಧತಿ ಬದಲಾಗಿವೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ "ಇಂಜೆಕ್ಷನ್ ಆಗಿ ಎಷ್ಟನೇ ದಿನ" ಅಂತ ಬರೆಯದಿದ್ದರೆ ಆ ಅಂಕಿಯ ಮೇಲೆ ಡೋಸು ಬದಲಿಸುವುದಿಲ್ಲ. ತಾವೇ ಚುಚ್ಚಿಕೊಳ್ಳುವವರಿಗೆ ಡೋಸು ಏರಿಸುವ ಮೊದಲು ಒಮ್ಮೆ ಎದುರಿಗೆ ಚುಚ್ಚಿಕೊಳ್ಳಲು ಹೇಳುತ್ತೇವೆ. ಇದಕ್ಕೆ ಹತ್ತು ನಿಮಿಷ ಸಾಕು, ದುಬಾರಿ ಪರೀಕ್ಷೆ ಯಾವುದೂ ಬೇಡ. ಹೆಮಟೋಕ್ರಿಟ್ ಏರಿದಾಗ ರಕ್ತ ತೆಗೆಸಿ ಅನ್ನುವ ಮುಂಚೆ ಗೊರಕೆ, ಡೋಸಿನ ಅಂತರ, ಫೆರಿಟಿನ್ ಈ ಮೂರನ್ನೂ ನೋಡುತ್ತೇವೆ. ಮತ್ತು ರೋಗಿಗಳಿಗೆ ಹೇಳುವುದು: ಇನ್ನೊಬ್ಬರ ಅಂಕಿ ನೋಡಿ ನಿಮ್ಮ ಡೋಸು ನೀವೇ ಬದಲಿಸಬೇಡಿ.

ಇವರಿಗೆ ಈಗ ವಾರವಾರ ಚುಚ್ಚಿಕೊಳ್ಳುವುದು ಸಾಕಾಗಿದೆ. ಅಂಡೆಕನೊಯೇಟಿಗೆ ಬದಲಾಗಬಹುದೇ ಅಂತ ಹೋದ ಸಲ ಕೇಳಿದರು. ಆ ಇಂಜೆಕ್ಷನ್ ಆದ ಕೂಡಲೇ ಎಣ್ಣೆಯ ಸೂಕ್ಷ್ಮ ಹನಿಗಳು ಶ್ವಾಸಕೋಶಕ್ಕೆ ಹೋಗಿ ಕೆಲವರಿಗೆ ಜೋರು ಕೆಮ್ಮು ಬರುವುದುಂಟು. ಹಾಗಾಗಿ ಅದನ್ನು ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಅರ್ಧ ಗಂಟೆ ಕೂರಬೇಕು ಅಂದೆವು. ಅದಕ್ಕೂ ಸಿದ್ಧ. ನಮಗಿರುವ ಅಳುಕು ಹೆಮಟೋಕ್ರಿಟ್ ಒಂದೇ. ಮುಂದಿನ ಎರಡು ಪರೀಕ್ಷೆಗಳಲ್ಲೂ ಅದು 50ರ ಒಳಗೇ ಇದ್ದರೆ ಬದಲಾಯಿಸೋಣ ಅಂತ ಮಾತಾಗಿದೆ.